ಲಿಂಬೆ ಗಾಡಿಯ ಮೇಲೊಂದು ಡೇರೆ

ತಾಡಪತ್ರಿ ಹೊಲಿದು ಮುಗಿದ ಮೇಲೆ ಮಡಚಿ ಕೈಗೆ ಕೊಟ್ಟು ಕಳಿಸುವ ಪದ್ಧತಿ ನಮ್ಮ ಅಂಗಡಿಯಲ್ಲಿ ಇಲ್ಲ. ಅಪ್ಪನ ಕಾಲದಿಂದಲೂ ಇಲ್ಲ. ಹಿತ್ತಲಿನಲ್ಲಿ ಗೂಟಗಳಿಗೆ ಕಟ್ಟಿ, ಗಾಡಿಯ ಮಾಲಕರನ್ನೇ ಅದರ ಕೆಳಗೆ ಕೂರಿಸಿ, ಮಾಳಿಗೆಯ ಮೇಲಿನಿಂದ ಕೊಡಗಟ್ಟಲೆ ನೀರು ಸುರಿಯುತ್ತೇವೆ. ಮಾಲಕರ ನೆತ್ತಿ ಒಣಗಿದ್ದರೆ ಮಾಲು ಅವರದು. ಒದ್ದೆಯಾದರೆ ನನ್ನ ಮರ್ಯಾದೆ ಹೋಯಿತು, ಮತ್ತೆ ಹೊಲಿಗೆಗೆ ಕೂರಬೇಕು. ಸಿಂದಗಿಯಲ್ಲಿ ಇದನ್ನು ನೋಡಿ ನಗುವವರಿದ್ದಾರೆ. ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಮನೆಯವರೇ ಎಲ್ಲರಿಗಿಂತ ಮೊದಲು ನಗುತ್ತಾರೆ. ನಗಲಿ, ನನಗೇನು.

ಇದು ಬರೀ ತೋರಿಕೆಯಲ್ಲ. ಹತ್ತಿಯ ಕ್ಯಾನ್ವಾಸನ್ನು ಹತ್ತಿಯ ದಾರದಿಂದ ಹೊಲಿದಾಗ ಸೂಜಿ ಹೋದಲ್ಲೆಲ್ಲ ಸಣ್ಣ ತೂತು ಉಳಿಯುತ್ತದೆ. ಮೊದಲ ನೀರಿಗೆ ಅಲ್ಲಿಂದ ಹನಿ ಇಳಿಯುತ್ತದೆ. ದಾರ ನೀರು ಕುಡಿದು ಉಬ್ಬಿತೆಂದರೆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಒಂದೆರಡು ಕೊಡಕ್ಕೆ ನಿಲ್ಲಿಸಬಾರದು, ದಾರ ಕುಡಿಯುವ ತನಕ ಸುರಿಯುತ್ತಲೇ ಇರಬೇಕು ಎಂದು ಅಪ್ಪ ಹೇಳುತ್ತಿದ್ದರು. ಎಷ್ಟು ಹೊತ್ತು ಸುರಿಯಬೇಕು ಎನ್ನುವುದು ಹೊಲಿದವರಿಗೆ ಬಿಟ್ಟದ್ದು. ಅದರಲ್ಲಿ ಬೇರೆಯವರು ಬಾಯಿ ಹಾಕುವ ಹಾಗಿಲ್ಲ.

ಲಿಂಬೆ ಗಾಡಿಯವನು ನಮ್ಮ ಅಂಗಡಿಯ ಮುಂದೆ ಬಂದು ನಿಂತದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಇಂಡಿ ತಾಲೂಕಿನ ಅಗರಖೇಡದ ಕಡೆಯವನು. ತನ್ನದೇ ಒಂದು ಪಿಕಪ್ ಗಾಡಿ ಇಟ್ಟುಕೊಂಡು ಇಂಡಿಯ ಮಾರ್ಕೆಟ್ಟಿನಿಂದ ದೂರದೂರದ ಊರುಗಳಿಗೆ ಲಿಂಬೆ ಹೊಡೆಯುತ್ತಿದ್ದ. ಹಿಂದೆ ಒಂದೆರಡು ಸಲ ನನ್ನ ಹತ್ತಿರ ತಾಡಪತ್ರಿ ಹೊಲಿಸಿಕೊಂಡು ಹೋಗಿದ್ದವನೇ. ಈ ಸಲ ಅವನು ಇಳಿದದ್ದು ಎಡಗಡೆಯ ಬಾಗಿಲಿನಿಂದ. ಸ್ಟೇರಿಂಗ್ ಹಿಡಿದು ಕೂತಿದ್ದವಳು ಅವನ ಹೆಂಡತಿ. ತಲೆಯ ಮೇಲೆ ಸೆರಗು, ಕಣ್ಣು ಕನ್ನಡಿಯ ಮೇಲೆ. ನಮ್ಮ ಓಣಿಯ ಗಂಡಸರೆಲ್ಲ ಕೆಲಸ ಬಿಟ್ಟು ಅವಳನ್ನು ನೋಡುತ್ತ ನಿಂತರು.

“ಅಕ್ಕಾರ, ಗಾಡಿ ಮ್ಯಾಲ ಮಲಗಾಕ ಒಂದು ಡೇರೆ ಮಾಡ್ಕೊಡ್ರಿ. ಹಗರ ಇರಬೇಕು ನೋಡ್ರಿ, ಭಾಳ ಹಗರ,” ಅಂದ.

ಮೊಬೈಲ್ ತೆಗೆದು ತೋರಿಸಿದ. ಯಾವುದೋ ಪರದೇಶದ ಗುಡ್ಡದ ಮೇಲೆ ಒಂದು ದೊಡ್ಡ ಗಾಡಿ, ಅದರ ನೆತ್ತಿಯ ಮೇಲೆ ಪೆಟ್ಟಿಗೆಯ ಮುಚ್ಚಳ ತೆರೆದಂತೆ ತೆರೆದುಕೊಂಡ ಒಂದು ಡೇರೆ, ಒಳಗಿನಿಂದ ಇಣುಕುವ ಗಂಡಹೆಂಡತಿ. ಕೈಯಲ್ಲಿ ವೆಲ್ಡಿಂಗಿನ ಹೆಲ್ಮೆಟ್ಟು ಹಿಡಿದೇ ಓಡಿ ಬಂದ ನಮ್ಮ ಮನೆಯವರು ಅದನ್ನು ನೋಡಿ, “ಗಾಡಿ ಮ್ಯಾಲ ಮನಿ ಕಟ್ಟಸ್ತೀಯೇನಪಾ? ಅಡಗಿ ಖೋಲಿ ಬ್ಯಾಡೇನ?” ಎಂದು ನಕ್ಕರು. ಅವನೂ ನಕ್ಕ. ಗಾಡಿಯಿಂದ ಇಳಿದು ಬಂದ ಹೆಂಡತಿ ಮಾತ್ರ ನಗಲಿಲ್ಲ.

“ಸಣ್ಣಾಕಿ ಇದ್ದಾಗಿಂದ ಮಾರ್ಕೆಟ್ಟಿನ್ಯಾಗ ಲಿಂಬಿ ಆರಸ್ಕೋತ ಬಂದೇನ್ರಿ. ಸಣ್ಣೂ ಬ್ಯಾರೆ, ದೊಡ್ಡೂ ಬ್ಯಾರೆ, ಡಾಗ ಬಿದ್ದೂ ಬ್ಯಾರೆ. ಆರಿಸಿ ಚೀಲಕ್ಕ ತುಂಬಿ ಕಳಸೂದು ಅಷ್ಟ. ಎಲ್ಲಿ ಹೋಗ್ತಾವು ಅಂತ ಒಮ್ಮೆರ ನೋಡಬೇಕ್ರಿ,” ಅಂದಳು.

ಅವಳ ಮಾತು ನನಗೆ ನಾಟಿತು. ಗಾಡಿಯ ಗಂಡಸರು ಎಲ್ಲಿ ಬೇಕಾದರೂ ಮಲಗುತ್ತಾರೆ. ಕ್ಯಾಬಿನ್ನಿನ ಮೇಲೆ ಹಾಸಿಗೆ ಹಾಕಿಕೊಂಡು ಆಕಾಶ ನೋಡುತ್ತ ಗೊರಕೆ ಹೊಡೆಯುತ್ತಾರೆ. ಹೆಂಗಸು ಹಾಗೆ ಮಲಗಲಾದೀತೆ? ಅದೊಂದೇ ಕಾರಣಕ್ಕೆ ಆ ಹೆಣ್ಣುಮಗಳು ಇಷ್ಟು ವರ್ಷ ಗಂಡನ ಗಾಡಿಯಲ್ಲಿ ದೂರದ ಊರಿಗೆ ಹೋಗಿರಲಿಲ್ಲ. ನಾನು ಅಲ್ಲೇ ಒಪ್ಪಿಕೊಂಡೆ.

ಮೊದಲ ಡೇರೆ ನಮ್ಮ ಮನೆಯವರ ತಲೆಯಿಂದ ಬಂದದ್ದು. ಅವರಿಗೆ ಕಬ್ಬಿಣವೆಂದರೆ ಪ್ರಾಣ. ಬಾಗಿಲು ಮಾಡಿದರೂ ಆನೆ ತಡೆಯುವ ಹಾಗೆ ಮಾಡುತ್ತಾರೆ. ಕ್ಯಾಬಿನ್ನಿನ ಮೇಲೆ ಮತ್ತು ಹಿಂದೆ ಮಾಲು ತುಂಬುವ ಜಾಗದ ಕಟಾಂಜನದ ಮುಂಭಾಗದ ಮೇಲೆ ಕೂರುವಂತೆ ಒಂದು ಚೌಕಟ್ಟು, ಅದರ ಮೇಲೆ ದಪ್ಪ ಪ್ಲೈವುಡ್, ಬಾಗಿದ ಕಬ್ಬಿಣದ ಪೈಪುಗಳು, ಅವುಗಳಿಗೆ ಲಾರಿಗೆ ಹಾಕುವ ದಪ್ಪ ಕ್ಯಾನ್ವಾಸು. ಇಬ್ಬರು ಆರಾಮಾಗಿ ಹೊರಳಾಡಬಹುದಾದಷ್ಟು ಅಗಲ. ನೋಡಲು ಏನೋ ಚೆನ್ನಾಗಿಯೇ ಇತ್ತು. ಎತ್ತಿ ಗಾಡಿಯ ಮೇಲಿಡಲು ಮಾತ್ರ ಓಣಿಯ ಅಂಗಡಿಯವರೆಲ್ಲ ಬರಬೇಕಾಯಿತು. ಇಟ್ಟ ಕೂಡಲೇ ಗಾಡಿ ನಿಟ್ಟುಸಿರು ಬಿಟ್ಟಂತೆ ಕೆಳಗೆ ಕುಸಿಯಿತು. ಯಂಕಂಚಿಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ ನಮ್ಮ ಲಿಂಬೆ ಗಾಡಿಯ ಡ್ರೈವರಣ್ಣ ತಲೆ ಅಲ್ಲಾಡಿಸಿದ.

“ತಿರುವಿನ್ಯಾಗ ಗಾಡಿ ವಾಲತೈತ್ರಿ ಅಕ್ಕಾರ. ಅಲ್ದ, ಡೇರೆ ಎಷ್ಟ್ ಭಾರ ಇರತೈತಿ ಅಷ್ಟ್ ಲಿಂಬಿ ಬಿಟ್ಟ್ ಹೋಗ್ಬೇಕಾಗತೈತಿ. ಮತ್ತ ಇದನ್ನ ಆಕಿ ಒಬ್ಬಾಕಿನ ತಗೀಬೇಕು, ಆಕಿ ಒಬ್ಬಾಕಿನ ಮುಚ್ಚಬೇಕು.”

“ಆಕಿ ಒಬ್ಬಾಕಿನ ಯಾಕ? ನೀ ಏನ್ ಕೆಳಗ ಕಾಲ್ ಚಾಚ್ಕೊಂಡು ಬೀಡಿ ಸೇದ್ತೀಯೇನು?” ಅಂದೆ.

“ಹಂಗ ತಿಳೀರಿ,” ಎಂದು ನಕ್ಕ. ನನ್ನ ಬಾಯಿ ಜೋರು, ಊರಿಗೆಲ್ಲ ಗೊತ್ತು. ಆದರೂ ಆ ಮಾತೊಂದನ್ನು ಆಡಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಎರಡನೆಯದಕ್ಕೆ ನಾನೇ ಕೂತು ಯೋಚನೆ ಮಾಡಿದೆ. ಕಬ್ಬಿಣ ಬೇಡ, ಅಲ್ಯುಮಿನಿಯಂ ಪೈಪು. ಅದನ್ನು ಬೆಸೆಯುವ ಯಂತ್ರ ನಮ್ಮ ಮನೆಯವರ ಹತ್ತಿರ ಇಲ್ಲ, ಹೀಗಾಗಿ ರಿವೆಟ್ ಹೊಡೆದು ಜೋಡಿಸುವುದು. ಪ್ಲೈವುಡ್ಡಿನ ಬದಲು ಅಂಗಡಿಗಳ ಬೋರ್ಡಿಗೆ ಬಳಸುವ ತೆಳ್ಳನೆಯ ಶೀಟು ಎರಡು, ನಡುವೆ ಥರ್ಮಾಕೋಲು ಇಟ್ಟು ಅಂಟಿಸುವುದು. ಒಂದು ಶೀಟಿನ ಮೇಲೆ ನಿಂತರೆ ಬಗ್ಗುತ್ತದೆ, ಎರಡು ಸೇರಿದರೆ ನಾನೇ ಮೇಲೆ ಕುಣಿದರೂ ಬಗ್ಗಲಿಲ್ಲ. ನಾನೇನು ಕಡಿಮೆ ತೂಕದವಳಲ್ಲ. ನೆಲ ಅಲ್ಲೇ ಇರುತ್ತದೆ, ಮೇಲಿನ ಮುಚ್ಚಳ ಮಾತ್ರ ಒಂದು ಬದಿಗೆ ಕೀಲಿನ ಮೇಲೆ ಏಳುತ್ತದೆ, ಅದರ ಜೊತೆಗೆ ಬಟ್ಟೆಯ ಗೋಡೆಗಳೂ ಬಿಚ್ಚಿಕೊಳ್ಳುತ್ತವೆ. ಬಟ್ಟೆಗೆ ಹಗುರವಾದ, ಒಂದು ಹನಿಯೂ ಒಳಗೆ ಬಿಡದ ನೈಲಾನು ತಂದೆ. ಹೊಲಿಗೆಗಳ ಮೇಲೆಲ್ಲ ಮೇಣ ತಿಕ್ಕಿದೆ. ಎಲ್ಲೂ ಗಾಳಿ ನುಸುಳದ ಹಾಗೆ ಅಂಚು ಮಡಚಿದೆ. ಲಾರಿಯ ಮಾಲಿಗೆ ಹೇಗೆ ಮಾಡುತ್ತೇನೋ ಹಾಗೆಯೇ, ಇನ್ನೂ ನಾಲ್ಕು ಪಟ್ಟು ಚೊಕ್ಕವಾಗಿ.

ಇಬ್ಬರೂ ಅದನ್ನು ಕಟ್ಟಿಕೊಂಡು ಹೋಗಿ ಒಂದು ರಾತ್ರಿ ಇಂಡಿಯ ಮಾರ್ಕೆಟ್ಟಿನ ಬಯಲಿನಲ್ಲೇ ಮಲಗಿ ನೋಡಿದರು. ಮರುದಿನ ಮುಂಜಾನೆ ಹಾಸಿಗೆ, ಹೊದಿಕೆ, ತಲೆದಿಂಬು ಎಲ್ಲವನ್ನೂ ತಂದು ನನ್ನ ಮುಂದೆ ಹಾಕಿದರು. ಎಲ್ಲ ತೊಯ್ದು ತೊಪ್ಪೆ.

ನನಗೆ ಸಿಟ್ಟು ಬಂತು. “ರಾತ್ರಿ ಮಳಿ ಎಲ್ಲಿತ್ತು? ನನ್ನ ಹೊಲಗಿ ಸೋರೂದಿಲ್ಲ. ನೀವ ನೀರ್ ಚೆಲ್ಲಿರಬೇಕು,” ಅಂದುಬಿಟ್ಟೆ.

ಹೆಂಡತಿ ಬೇಸರ ಮಾಡಿಕೊಳ್ಳಲಿಲ್ಲ. ಡೇರೆಯ ಒಳಗೆ ತಲೆ ಹಾಕಿ, ಮೇಲಿನ ಬಟ್ಟೆಗೆ ಅಂಗೈ ಒರೆಸಿ ನನಗೆ ತೋರಿಸಿದಳು. ಅಂಗೈ ಒದ್ದೆ.

“ಇದು ನಮ್ಮ ಉಸರ್ರಿ ಅಕ್ಕಾರ. ಲಿಂಬಿ ತುಂಬಿದಮ್ಯಾಗ ತಾಡಪತ್ರಿ ಗಪ್ಪನ ಬಿಗದ್ರ ಒಳಗ ಬೆವತು ಕೊಳೀತಾವು. ಅದಕ ನಡುವ ಗಾಳಿ ಬಿಟ್ಟ ಕಟ್ಟತೇವಿ. ಲಿಂಬಿಗೇ ಗಾಳಿ ಬೇಕಂದ್ರ ಮನಶ್ಯಾರಿಗೆ ಬ್ಯಾಡೇನ್ರಿ?”

ನಾನು ಜೀವಮಾನವೆಲ್ಲ ಸಿಮೆಂಟು, ಜೋಳ, ಗೊಬ್ಬರದ ಚೀಲಗಳಿಗೆ ಬಟ್ಟೆ ಹೊಲಿದವಳು. ಅವು ಉಸಿರಾಡುವುದಿಲ್ಲ. ನೀರು ಹೊರಗಿನಿಂದಲೇ ಬರುತ್ತದೆ ಎಂದು ನನ್ನ ಕೈ ಕಲಿತುಬಿಟ್ಟಿತ್ತು. ಅಂದು ಆ ದಂಪತಿಗೆ ಉಪ್ಪಿಟ್ಟು ಚಹಾ ಮಾಡಿಕೊಟ್ಟು, ಹಾಸಿಗೆಯನ್ನು ನಮ್ಮ ಮಾಳಿಗೆಯ ಮೇಲೆಯೇ ಒಣಗಿಸಿ ಕಳಿಸಿದೆ. ಹೋಗುವಾಗ ಅವನು ಮಾಳಿಗೆಯ ಮೆಟ್ಟಿಲು ಇಳಿಯುತ್ತ ನಡುವೆ ಕೂತು ಸುಧಾರಿಸಿಕೊಂಡದ್ದು ನೋಡಿದೆ. ಬಿಸಿಲು ಎಂದುಕೊಂಡೆ.

ನೈಲಾನು ಕಿತ್ತೆ. ಗೋಡೆಗಳಿಗೆ ತೆಳ್ಳನೆಯ ಹತ್ತಿ ಕ್ಯಾನ್ವಾಸು ಹಾಕಿದೆ, ಅದು ಉಸಿರನ್ನು ಹೊರಗೆ ಬಿಡುತ್ತದೆ. ಮುಚ್ಚಳದ ಕೆಳಗೆ ಒಂದು ಗೇಣಿನಷ್ಟು ಜಾಗ ಬಿಟ್ಟು ಒಳಗೊಂದು ಪದರ. ಎರಡೂ ತುದಿಗೆ ಜಾಳಿಯ ಕಿಟಕಿ, ಅದರ ಮೇಲೆ ಮಳೆ ತಡೆಯುವ ಸಣ್ಣ ಹುಬ್ಬು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು, ಲಿಂಬೆ ಲೋಡಿನ ಲೆಕ್ಕಾಚಾರವೇ. ಇಷ್ಟಾಗುವಷ್ಟರಲ್ಲಿ ಡ್ರೈವರಣ್ಣ ಫೋನು ಮಾಡಿ ಮಾಡಿ ಹೊಸ ಹೊಸ ಬೇಡಿಕೆ ಇಡತೊಡಗಿದ. ಏಣಿಯನ್ನು ಒಳಗೆ ಎಳೆದುಕೊಳ್ಳುವ ಹಾಗಿರಬೇಕು. ಜಿಪ್ಪು ಒಳಗಿನಿಂದ ಮಾತ್ರ ತೆರೆಯಬೇಕು, ಹೊರಗೆ ಹಿಡಿಕೆಯೇ ಇರಬಾರದು. ಮಲಗಿದಲ್ಲಿಂದಲೇ ಹಾರ್ನ್ ಬಾರಿಸಲು ಒಂದು ಗುಂಡಿ ಇರಬೇಕು. “ನಿನ್ನ ಹೇಣ್ತಿನ್ನ ಯಾರರ ಕದ್ಕೊಂಡು ಹೋಗ್ತಾರೇನೋ ತಮ್ಮಾ? ಬಾಜೂಕ ನೀ ಇರ್ತಿಯಲ್ಲ?” ಎಂದು ಕೇಳಿದೆ. “ಇರಲಿ ಬಿಡ್ರಿ ಅಕ್ಕಾರ, ಮಾಡ್ರಿ,” ಅಂದ.

ಕೊನೆಗೆ ಉಳಿದ ತೊಡಕು ಮುಚ್ಚಳದ್ದು. ಇಬ್ಬರ ಅಗಲದ ಮುಚ್ಚಳ ಎಷ್ಟು ಹಗುರ ಮಾಡಿದರೂ ಹೆಂಡತಿಯ ಕೈಗೆ ಭಾರವೇ. ವಿಜಯಪುರದ ಗುಜರಿಯಲ್ಲಿ ಹುಡುಕಾಡಿ, ಹಳೆಯ ಕಾರುಗಳ ಡಿಕ್ಕಿ ಎತ್ತಿ ಹಿಡಿಯುವ ಗ್ಯಾಸಿನ ರಾಡುಗಳನ್ನು ತಂದೆವು. ಸಣ್ಣ ರಾಡು ಹಾಕಿದರೆ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ರಾಡು ಹಾಕಿದರೆ ಏಳುವುದೇನೋ ಏಳುತ್ತದೆ, ಮುಚ್ಚಲು ಹೋದರೆ ಅವಳು ಜೋತು ಬಿದ್ದರೂ ಕೆಳಗಿಳಿಯುವುದಿಲ್ಲ. ನಡುವಿನದು ಸಿಗಲಿಲ್ಲ. ರಾಡಿನ ಜಾಗ ಬದಲಿಸಿದೆವು, ಕೀಲು ಬದಲಿಸಿದೆವು, ಚೌಕಟ್ಟಿನ ಅಡ್ಡಪಟ್ಟಿ ತೆಗೆದು ನೋಡಿದೆವು. ಅಡ್ಡಪಟ್ಟಿ ತೆಗೆದರೆ ಮುಚ್ಚಳ ತಿರುಚಿಕೊಳ್ಳುತ್ತದೆ. ನಮ್ಮ ಮನೆಯವರು ಸುತ್ತಿಗೆ ಕೆಳಗಿಟ್ಟು, “ಗಂಡ ಬಾಜೂಕ ಇರ್ತಾನ, ಇಬ್ರೂ ಕೂಡಿ ಮುಚ್ಚಲಿ, ಅದರಾಗೇನ್ ಐತಿ?” ಅಂದರು. ನನಗೂ ಹಾಗೆಯೇ ಅನಿಸಿತ್ತು.

ಒಪ್ಪಿಸುವ ಮೊದಲು ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ನೋಡಬೇಕಿತ್ತು. ಆ ಗಂಡಹೆಂಡತಿ, ನಾನು, ಮೂವರೂ ಹೊರಟೆವು. ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳದ ದಾರಿ. ಗಾಡಿ ಹೊಡೆದವಳು ಹೆಂಡತಿ. ನಡುವಿನ ಸೀಟಿನಲ್ಲಿ ನಾನು, ಕಿಟಕಿಯ ಪಕ್ಕ ಅವನು. ಕರಿನೆಲದ ಬಯಲಿನಲ್ಲಿ ಗಾಳಿಗೆ ಅಡ್ಡವೇನೂ ಇಲ್ಲ. ಬಾಗೇವಾಡಿ ದಾಟುವ ತನಕ ಮುಚ್ಚಳದ ಅಂಚು ಪಟಪಟ ಬಡಿಯುತ್ತಿತ್ತು. ಗಾಡಿ ನಿಲ್ಲಿಸಿ ಒಂದು ಬೆಲ್ಟು ಹೆಚ್ಚಿಗೆ ಬಿಗಿದ ಮೇಲೆ ಸುಮ್ಮನಾಯಿತು. ಅವನು ದಾರಿಯುದ್ದಕ್ಕೂ ಹೆಂಡತಿಗೆ ಪಾಠ ಹೇಳುತ್ತಲೇ ಇದ್ದ. ಎದುರಿನ ಲಾರಿ ಲೈಟಿನ ಡಿಪ್ಪರ್ ಹೊಡೆದರೆ ಏನು ಅರ್ಥ, ಯಾವ ಢಾಬಾದ ಮುಂದೆ ನಿಲ್ಲಿಸಬೇಕು, ಯಾವುದರ ಮುಂದೆ ನಿಲ್ಲಿಸಲೇಬಾರದು, ಯಾವ ಊರಿನ ಮಾರ್ಕೆಟ್ಟಿನಲ್ಲಿ ಯಾರನ್ನು ಅಣ್ಣ ಎನ್ನಬೇಕು. ಅವಳು “ಹೂಂ, ಹೂಂ” ಅನ್ನುತ್ತಿದ್ದಳು. ಮಾತಿನ ನಡುವೆ ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಮುದ್ದೇಬಿಹಾಳ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ. ಅವನು ಒಂದು ತುತ್ತು ಮುರಿದು ಹಾಗೆಯೇ ಇಟ್ಟ. ಹೆಂಡತಿ ಕೊಡ ಹಿಡಿದು ರಸ್ತೆಯಾಚೆಯ ತೋಟದ ಮನೆಗೆ ನೀರು ಕೇಳಲು ಹೋದಳು. ಅವಳು ರಸ್ತೆ ದಾಟುವ ತನಕ ನೋಡುತ್ತಿದ್ದು, ಅವನು ಮೆಲ್ಲಗೆ ಅಂದ:

“ಅಕ್ಕಾರ, ಡೇರೆ ಅಗಲ ಕಮ್ಮಿ ಮಾಡ್ರಿ. ಒಬ್ಬರಿಗೆ ಆಗೂವಷ್ಟ ಸಾಕು. ಅಂದ್ರ ಮುಚ್ಚಳ ಹಗರಾಗತೈತಿ, ಆಕಿ ಕೈಗೆ ಬರತೈತಿ.”

“ನೀ ಎಲ್ಲಿ ಮಲಗ್ತಿ?” ಅಂದೆ. ಕೇಳಿದ ಮೇಲೆ ಗೊತ್ತಾಯಿತು. ಮೆಟ್ಟಿಲ ಮೇಲೆ ಕೂತದ್ದು, ಸಾಲದ ಉಸಿರು, ಒಳಗಿನಿಂದ ಮಾತ್ರ ತೆರೆಯುವ ಜಿಪ್ಪು, ಹಾರ್ನಿನ ಗುಂಡಿ, ಎಲ್ಲ ಒಂದರ ಹಿಂದೆ ಒಂದು ಬಂದು ನನ್ನ ಮುಂದೆ ನಿಂತವು. ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿ ಬುತ್ತಿಯಲ್ಲೇ ಇಟ್ಟೆ.

“ಸೊಲ್ಲಾಪುರದ ದವಾಖಾನಿಯಾಗ ಹೇಳ್ಯಾರ್ರಿ. ಪುಪ್ಪಸದಾಗ ಬ್ಯಾನಿ ಐತಿ, ಭಾಳ ಹರಡೈತಿ ಅಂತ. ಬರೂ ಮಳಿಗಾಲ ನೋಡ್ತೇನೋ ಇಲ್ಲೋ.”

“ಆಕಿಗೆ ಹೇಳಿಯೇನೋ?”

“ಇಲ್ರಿ. ಹೆಂಗ ಹೇಳ್ಲಿ? ಮಕ್ಳಿಲ್ಲ ಮರಿಲ್ಲ. ನಾ ಹೋದಮ್ಯಾಗ ಅಣ್ಣತಮ್ಮಂದ್ರು ಗಾಡಿ ಮಾರಿ ಆಕಿನ್ನ ಮತ್ತ ಲಿಂಬಿ ಆರಸಾಕ ಕುಂಡಸ್ತಾರ. ಗಾಡಿ ಆಕಿ ಹೆಸರಿಗೆ ಮಾಡೇನಿ. ಹೊಡಿಯೂದು ಕಲಸೇನಿ. ಆದ್ರ ರಾತ್ರಿ? ಹೆಣಮಗಳು ಗಾಡಿ ಹೊಡದ್ರ ರಾತ್ರಿ ಎಲ್ಲಿ ಮಲಗಬೇಕ್ರಿ? ಅದೊಂದಕ್ಕ ದಾರಿ ಇರಲಿಲ್ಲ ನೋಡ್ರಿ, ನಿಮ್ಮ ಹಂತ್ಯಾಕ ಬಂದೆ.”

ನಾನು ಬಯ್ಯಬೇಕೆಂದಿದ್ದೆ. ಇಂಥದ್ದನ್ನು ಹೆಂಡತಿಯಿಂದ ಮುಚ್ಚಿಡುತ್ತಾರೆಯೆ ಎಂದು. ಅವಳು ಆಗಲೇ ತುಂಬಿದ ಕೊಡ ಹೊತ್ತು ರಸ್ತೆ ದಾಟುತ್ತಿದ್ದಳು. ಅವನು ರೊಟ್ಟಿಯ ತುತ್ತು ಬಾಯಿಗೆ ಹಾಕಿಕೊಂಡು, “ಚಟ್ನಿ ಖಾರ ಆಗೈತಿ ನೋಡಲೇ,” ಎಂದು ಅವಳಿಗೆ ಕೂಗಿ ಹೇಳಿದ. ನಾವು ಮುದ್ದೇಬಿಹಾಳದವರೆಗೆ ಹೋಗಲಿಲ್ಲ. ಅಲ್ಲಿಂದಲೇ ಗಾಡಿ ತಿರುಗಿಸಿದೆವು.

ಇಬ್ಬರ ಅಗಲಕ್ಕೆ ಹೊಲಿದು ಮುಗಿದ ಬಟ್ಟೆ ನನ್ನ ಮೇಜಿನ ಮೇಲೆ ಎರಡು ದಿನ ಹಾಗೆಯೇ ಬಿದ್ದಿತ್ತು. ನಾನು ಅದರ ಸುತ್ತ ತಿರುಗಿದೆ, ಬೇರೆ ಕೆಲಸ ಮಾಡಿದೆ, ಮತ್ತೆ ಬಂದು ನೋಡಿದೆ. ಆಗುವುದಿಲ್ಲ ಎಂದು ಅವನಿಗೆ ಹೇಳಿಬಿಡೋಣ ಅನಿಸಿತು. ಅಗಲ ಹಾಗೆಯೇ ಇಟ್ಟರೆ ಅವನು ಉಳಿದಾನು ಎಂಬ ಹುಚ್ಚು ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಯಾವತ್ತೂ ಏನಾದರೊಂದು ಚೇಷ್ಟೆ ಮಾಡುವ ಮನುಷ್ಯ ಎದ್ದು ಬಂದು ಬಟ್ಟೆಯ ಅಗಲವನ್ನು ಗೇಣಿನಿಂದ ಅಳೆದರು.

“ಅಗಲ ಇಟ್ರ ಆಕಿಗೆ ಮುಚ್ಚಾಕ ಬರೂದಿಲ್ಲ. ಮುಚ್ಚಾಕ ಬರಲಿಲ್ಲಂದ್ರ ಅವಾ ಮಾಡಿಸಿದ್ದು ದಂಡ. ಕತ್ತರಸು,” ಅಂದರು.

ಕತ್ತರಿಸಿದೆ. ಕತ್ತರಿ ಹಾಕುವಾಗ ಅತ್ತೆ. ಬಟ್ಟೆ ಕತ್ತರಿಸುತ್ತ ಅತ್ತದ್ದು ಅಪ್ಪ ಹೋದ ಮೇಲೆ ಅದೇ ಮೊದಲು. ಅವರು ಆ ಕಡೆ ಪೈಪುಗಳನ್ನು ಕೊಯ್ದು ಗಿಡ್ಡ ಮಾಡಿದರು. ಮುಚ್ಚಳ ಮತ್ತೆ ಜೋಡಿಸಿ ಸಣ್ಣ ರಾಡುಗಳನ್ನೇ ಹಾಕಿ ನೋಡಿದರೆ, ಬೆರಳು ತಾಗಿಸಿದರೆ ಏಳುತ್ತದೆ, ಅಂಗೈ ಊರಿದರೆ ಕೂರುತ್ತದೆ. ಅಷ್ಟು ದಿನ ಒದ್ದಾಡಿದ್ದು ಅಷ್ಟು ಸಲೀಸಾಗಿ ಬಗೆಹರಿಯಿತು. ಆ ಗೆಲುವು ನನಗೆ ಬೇಡವಾಗಿತ್ತು. ಕತ್ತರಿಸಿ ಉಳಿದ ಪಟ್ಟಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಏಣಿಯ ಕಡೆಯ ಬಾಗಿಲಿಗೆ ಅದನ್ನೇ ಒಂದು ಸೂರು ಮಾಡಿ ಹೊಲಿದೆ. ಅವನ ಪಾಲಿನ ಬಟ್ಟೆ ಅವಳ ತಲೆಯ ಮೇಲೆ ನೆರಳಾಗಿಯಾದರೂ ಇರಲಿ ಅನಿಸಿತು.

ನೀರು ಹಾಕಿ ನೋಡುವ ದಿನಕ್ಕೆ ಇಬ್ಬರೂ ಬರಬೇಕಿತ್ತು. ಒಳಗೆ ಅವಳನ್ನೇ ಕೂರಿಸಬೇಕು, ತಾನು ನನ್ನ ಜೊತೆ ಮಾಳಿಗೆಯ ಮೇಲೆ ನಿಂತು ಒಂದು ಕೊಡವನ್ನಾದರೂ ಸುರಿಯುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ಅವನು ಬರಲಿಲ್ಲ. ಅವನ ಫೋನಿನಿಂದ ಮಾತಾಡಿದವನು ಅವನ ತಮ್ಮ.

ಅವನ ಊರಿಗೆ ಮಣ್ಣಿಗೆ ಹೋದೆವು. ಮನೆಯ ತುಂಬ ಜನ. ನಡುಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು, ಸುತ್ತಲೂ ಹೆಂಗಸರು. ಒಬ್ಬರು ತಲೆ ಸವರುತ್ತಿದ್ದರು, ಇನ್ನೊಬ್ಬರು ನೀರು ಕುಡಿಸುತ್ತಿದ್ದರು. “ಅಳು ತಾಯಿ, ಅತ್ತ ಬಿಡು,” ಎಂದು ಒಬ್ಬರು, “ಅಳಬ್ಯಾಡ, ಗಟ್ಟಿ ಆಗು,” ಎಂದು ಇನ್ನೊಬ್ಬರು. ಅವಳು ಎರಡನ್ನೂ ಮಾಡುತ್ತಿರಲಿಲ್ಲ. ಮುಖ ಕಲ್ಲಾಗಿತ್ತು. ನನ್ನನ್ನು ಕಂಡವಳೇ ಕೇಳಿದಳು:

“ಅಕ್ಕಾರ, ಡೇರೆ ಆತೇನ್ರಿ?”

ಮನೆಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ, “ಗಂಡನ ಹೆಣಾ ಅಂಗಳದಾಗ ಐತಿ, ಈಕಿ ಡೇರೆ ಕೇಳ್ತಾಳ ನೋಡ್ರೆ,” ಎಂದು ಬಾಯಿಗೆ ಸೆರಗು ಹಿಡಿದಳು. ನಾನು ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. “ಆಗೈತಿ ತಂಗಿ. ನೀ ಯಾವಾಗ ಬೇಕಾದ್ರೂ ಬಾ,” ಅಂದೆ. ಕೈ ಬಹಳ ತಣ್ಣಗಿತ್ತು.

ಕ್ರಿಯಾಕರ್ಮವೆಲ್ಲ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಪಿಕಪ್ಪಿನ ಸದ್ದು ಕೇಳಿಸಿತು. ಅವಳೊಬ್ಬಳೇ ಬಂದಿದ್ದಳು. ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ನಮ್ಮ ಹಿತ್ತಲಿನ ಸಣ್ಣ ದಾರಿಯಲ್ಲಿ ಒಂದೇ ಸಲಕ್ಕೆ ಮಾಳಿಗೆಯ ಗೋಡೆಯ ಪಕ್ಕ ನಿಲ್ಲಿಸಿದಳು. ಅವನು ನಿಲ್ಲಿಸುತ್ತಿದ್ದುದೂ ಅಲ್ಲಿಯೇ. “ಮನ್ಯಾಗ ಇನ್ನೂ ಎಲ್ಲಾರೂ ಅದಾರ್ರಿ. ಗಾಡಿಗೆ ಗಿರಾಕಿ ಹುಡಕಾಕತ್ತಾರ. ನಾ ಕಾಗದ ತೋರಿಸಿ ಬಂದೇನಿ,” ಅಂದಳು.

ಡೇರೆಯನ್ನು ನಾನು, ನಮ್ಮ ಮನೆಯವರು ಇಬ್ಬರೇ ಎತ್ತಿ ಮೇಲಿಟ್ಟೆವು. ಬೋಲ್ಟು ಬಿಗಿದೆವು. ಅವಳು ಕೊಂಡಿ ಬಿಚ್ಚಿ ಒಂದು ಕೈ ತಾಗಿಸಿದಳು. ಮುಚ್ಚಳ ಎದ್ದಿತು, ಗೋಡೆಗಳು ಬಿಚ್ಚಿಕೊಂಡವು. ಅದೇ ಕೈಯಿಂದ ಕೆಳಗೆ ಒತ್ತಿದಳು, ಮುಚ್ಚಿತು. ಮತ್ತೆ ತೆರೆದಳು. ಏಣಿ ಹತ್ತಿ ಒಳಗೆ ಇಣುಕಿ, ನೆಲದ ಅಗಲಕ್ಕೆ ಕೈ ಚಾಚಿ ನೋಡಿದಳು.

“ಒಬ್ಬರಿಗೆ ಅಳತಿ ಹಿಡದಾರ,” ಅಂದಳು.

“ಅವನ ಹೇಳಿದ್ದ ತಂಗಿ. ನಿನಗ ಗೊತ್ತಿರಲಿಲ್ಲ,” ಎಂದು ಶುರು ಮಾಡಿದೆ.

“ಗೊತ್ತಿತ್ರಿ ಅಕ್ಕಾರ. ನನಗ ಗಾಡಿ ಹೊಡಿಯಾಕ ಕಲಸಾಕ ಹತ್ತಿದ ದಿನಾನ ಗೊತ್ತಾಗಿತ್ತು. ಕೈಯಾಗಿನ ಸ್ಟೇರಿಂಗ್ ಯಾರಿಗೂ ಕೊಡವರಲ್ಲ ಅವ್ರು. ನಾ ಗೊತ್ತಿಲ್ಲದಂಗ ಇದ್ದೆ. ಅವ್ರೂ ಹಂಗ ಇದ್ರು. ಇಬ್ರೂ ಹಂಗ ಇದ್ದ್ ಇದ್ದ್ ದಿನಾ ಮುಗದ್ವು.” ಬಾಗಿಲಿನ ಸೂರನ್ನು ಬೆರಳಿನಿಂದ ಮುಟ್ಟಿದಳು. ಅದು ಯಾವ ಬಟ್ಟೆ ಎಂದು ನಾನು ಹೇಳಲಿಲ್ಲ. ಆಮೇಲೆ ಅವಳೇ ಅಂದಳು, “ನೀರ್ ಹಾಕೂದಿಲ್ಲೇನ್ರಿ? ಮಾಲಕರನ್ನ ಒಳಗ ಕುಂಡಿಸಿ ಹಾಕ್ತೀರಿ ಅಂತ ಹೇಳತಿದ್ರು.”

ಒಳಗೆ ಹೋಗಿ ಏಣಿ ಎಳೆದುಕೊಂಡಳು. ಜಿಪ್ಪು ಮುಚ್ಚಿದ ಸದ್ದು ಕೇಳಿಸಿತು. ನಾನು ಮಾಳಿಗೆ ಹತ್ತಿದೆ. ನೀರಿನ ಟಾಕಿ ಅಲ್ಲೇ ಇದೆ. ಕೊಡ ತುಂಬಿ, ಗೋಡೆಯಂಚಿಗೆ ನಿಂತು ಡೇರೆಯ ಮೇಲೆ ಸುರಿದೆ. ಮುಚ್ಚಳದಿಂದ ಜಾರಿದ ನೀರು ಹೊಲಿಗೆಗಳ ಮೇಲೆ ಹರಿಯಿತು. ಎರಡನೆಯ ಕೊಡ. ಮೂರನೆಯದು. “ಸೋರತೈತೇನ ತಂಗಿ?” ಎಂದು ಕೇಳಿದೆ.

“ಮೊದಲ ಎಲ್ಡ್ ಹನಿ ಬಿದ್ದೂರಿ. ಈಗಿಲ್ಲ.” ಮತ್ತೆ ದನಿ ಬಂತು: “ಇನ್ನ ಹಾಕ್ರಿ ಅಕ್ಕಾರ.”

ಹಾಕಿದೆ. ಸುರಿಯುವ ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು ಇದ್ದಂತೆ ಅನಿಸಿತು. ಕೊಡ ಬರಿದಾದಾಗ ಅದೂ ನಿಂತಿತು. “ಹಾಕ್ರಿ,” ಅಂದಳು. ಮತ್ತೆ ಸುರಿದೆ, ಮತ್ತೆ ಆ ಸದ್ದು. ಈ ಸಲ ಸರಿಯಾಗಿ ಕೇಳಿಸಿತು. ಆ ಮನೆಯಲ್ಲಿ ಅಷ್ಟು ಜನರ ನಡುವೆ, ಒಬ್ಬರು ಅಳು ಎನ್ನುತ್ತ ಒಬ್ಬರು ಅಳಬೇಡ ಎನ್ನುತ್ತ, ಆ ಹೆಣ್ಣುಮಗಳಿಗೆ ಒಂದು ಮೂಲೆ ಸಿಕ್ಕಿರಲಿಲ್ಲ. ಒಳಗಿನಿಂದ ಮಾತ್ರ ತೆರೆಯುವ ಬಾಗಿಲು ಅವಳ ಜೀವನದಲ್ಲಿ ಇದೇ ಮೊದಲನೆಯದು. ಅವಳು ಅಳುತ್ತಿದ್ದಳು, ನೀರು ಬೀಳುವಷ್ಟು ಹೊತ್ತು ಮಾತ್ರ, ನೀರಿನ ಸದ್ದಿಗಿಂತ ಮೇಲೆ ಹೋಗದ ಹಾಗೆ. ನಾನು ಕೊಡದಿಂದ ಒಂದೇ ಸಲಕ್ಕೆ ಸುರಿಯದೆ, ತೆಳ್ಳಗೆ ಧಾರೆ ಹಿಡಿದು ಬಿಟ್ಟೆ. ಒಂದು ಕೊಡ ಆದಷ್ಟು ಹೊತ್ತು ಬಾಳಲಿ ಎಂದು.

ಹಿತ್ತಲಿನಲ್ಲಿ ನಿಂತಿದ್ದ ನಮ್ಮ ಮನೆಯವರು ತಲೆಯೆತ್ತಿ ಕೂಗಿದರು, “ಸೋರೂದಿಲ್ಲಲ್ಲ, ಸಾಕ್ ಮಾಡ. ಟಾಕಿ ಖಾಲಿ ಆತು.”

“ದಾರ ಇನ್ನೂ ನೀರ್ ಕುಡದಿಲ್ರಿ,” ಅಂದೆ. “ನೀವು ಹೋಗಿ ಮೋಟರ್ ಹಚ್ಚರಿ.”

ಅವರು ನನ್ನ ಮುಖ ನೋಡಿದರು, ಡೇರೆಯನ್ನು ನೋಡಿದರು. ಮತ್ತೇನೂ ಕೇಳದೆ ಹೋಗಿ ಮೋಟರು ಹಚ್ಚಿದರು. ಟಾಕಿಗೆ ನೀರು ಬೀಳತೊಡಗಿತು. ನಾನು ಮತ್ತೊಂದು ಕೊಡ ತುಂಬಿದೆ.